ಉಳಿದ ಹಸಿರು ಬಟ್ಟೆ

ಮಗಳ ತಲೆ ಸಮುದ್ರದ ಮೇಲೆ ತೇಲುತ್ತಿತ್ತು. ತಲೆಯ ಕೆಳಗೆ ಕುತ್ತಿಗೆ, ಕುತ್ತಿಗೆಯ ಕೆಳಗೆ ಬರೀ ನೀರು. ಮೊಣಕೈಯಿಂದ ಕೆಳಗಿನ ಎರಡು ಕೈಗಳು ಯಾರಿಗೂ ಸೇರದವುಗಳಂತೆ ಗಾಳಿಯಲ್ಲಿ ಆಡುತ್ತಿದ್ದವು. ಹೊಟ್ಟೆ ಇರಬೇಕಾದ ಜಾಗದಲ್ಲಿ ಒಂದು ದಪ್ಪ ಮೀನು ಬಾಯಿ ತೆರೆದು ಮುಚ್ಚುತ್ತ ಈ ಕಡೆಯಿಂದ ಆ ಕಡೆಗೆ ಹೋಯಿತು. ತಲೆ ಮಾತ್ರ, ಏನೂ ಆಗಿಲ್ಲವೆನ್ನುವಂತೆ, ಕಣ್ಣು ಅರೆಮುಚ್ಚಿಕೊಂಡು ಹಾಡುತ್ತಲೇ ಇತ್ತು.

ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರಕ್ಕೆ ಗಂಡನ ಫೋನನ್ನು ಒರಗಿಸಿಟ್ಟುಕೊಂಡು, ತಾಯಿ ಅದನ್ನು ಮತ್ತೊಮ್ಮೆ ನೋಡಿದಳು. ಅವಳು ಅದೇ ಅಂಗಡಿಯಲ್ಲಿ ಪರದೆ ಹೊಲಿಯುವವಳು. ಗಂಡ ಅದೇ ಪರದೆಗಳನ್ನು ವ್ಯಾನಿನಲ್ಲಿ ಒಯ್ದು ಮನೆಮನೆಗೆ ತೂಗುಹಾಕಿ ಬರುವವನು. ಅಂಗಡಿಯ ಇನ್ನೊಬ್ಬ ಡ್ರೈವರನ ಅಣ್ಣನ ಮಗಳೂ ಇವರ ಮಗಳ ಶಾಲೆಯಲ್ಲೇ ಓದುತ್ತಿದ್ದಳು. ಅವನು ಈ ತುಣುಕನ್ನು ಕಳಿಸಿ, ನಿಮ್ಮ ಹುಡುಗಿ ಫೇಮಸ್ ಆಗಿಬಿಟ್ಟಳಲ್ಲಪ್ಪ ಎಂದು ಬರೆದು, ಕೆಳಗೆ ಸಾಲಾಗಿ ನಗುವ ಮುಖಗಳನ್ನು ಹಾಕಿದ್ದ. ನಗಬೇಕೋ ಬೇಡವೋ ಗೊತ್ತಾಗದೆ ಗಂಡ ಅದನ್ನು ತಂದು ಹೆಂಡತಿಯ ಕೈಗೆ ಕೊಟ್ಟಿದ್ದ.

"ಮಕ್ಕಳು ತಮಾಷೆಗೆ ಏನೋ ಮಾಡಿರ್ತವೆ, ಬಿಡೆ," ಅಂದ.

"ನಿಮ್ಮ ಹೊಟ್ಟೇಲಿ ಮೀನು ಓಡಾಡಿಸಿ ಊರಿಗೆಲ್ಲ ಕಳಿಸ್ತೀನಿ. ಆಗ ತಮಾಷೆ ಅನ್ನಿ."

ಅವನು ಪರದೆಯ ಸರಳುಗಳನ್ನು ವ್ಯಾನಿಗೆ ತುಂಬುವ ನೆಪ ಮಾಡಿ ಹೊರಗೆ ಹೋದ.

ಮೀನು ಹಾಗಿರಲಿ. ಅವಳ ಮೈ ಉರಿಸಿದ್ದು ಆ ಕುತ್ತಿಗೆಯ ಅಂಚು. ಚರ್ಮ ಮುಗಿದು ನೀರು ಶುರುವಾಗುವ ಆ ದುಂಡನೆಯ ಗೆರೆ ಅವಳೇ ಕತ್ತರಿಸಿದ ಗೆರೆ. ಮೊಣಕೈಯ ಬಳಿ ಕೈ ಶುರುವಾಗುತ್ತಿದ್ದದ್ದು ಅವಳೇ ಮಡಿಸಿ ಹೊಲಿದ ತೋಳು ಮುಗಿಯುವಲ್ಲಿ. ಮಗಳ ಮೈ ಎಲ್ಲಿಗೆ ಹೋಯಿತು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಿಂದಿನ ತಿಂಗಳು ಸಂಗೀತದ ಮೇಷ್ಟ್ರು ತಾವೇ ಅಂಗಡಿಗೆ ಬಂದಿದ್ದರು. ಶಾಲೆ ಬಿಟ್ಟು ಹೋಗುವ ತರಗತಿಯ ಮಕ್ಕಳು ತಾವೇ ಹಾಡು ಕಟ್ಟಿ, ತಾವೇ ಹಾಡಿ, ಅದಕ್ಕೊಂದು ವಿಡಿಯೋ ಮಾಡುತ್ತಾರೆ. ಕಂಪ್ಯೂಟರ್ ಕೋಣೆಯ ಒಂದು ಗೋಡೆ ತುಂಬ ಹಸಿರು ಬಟ್ಟೆ ಬೇಕು. ಹಿಂದಿನ ದೃಶ್ಯವನ್ನೆಲ್ಲ ಆಮೇಲೆ ಕಂಪ್ಯೂಟರೇ ಹಾಕಿಕೊಳ್ಳುತ್ತದೆ ಎಂದು ಕೈ ಬೀಸಿ ಬೀಸಿ ವಿವರಿಸಿದ್ದರು. ಯಾರೂ ಕೊಳ್ಳದೆ ಮೂಲೆ ಹಿಡಿದಿದ್ದ ಒಂದು ಹಸಿರು ಸುರುಳಿಯನ್ನು ಮಾಲೀಕ ದೊಡ್ಡ ಮನಸ್ಸು ಮಾಡಿ ದಾನ ಕೊಟ್ಟ. ಹೊಲಿಯುವ ಕೆಲಸ ಮಾತ್ರ, ನಿನ್ನ ಮಗಳದ್ದೇ ಶಾಲೆಯಲ್ಲವೇ ಎಂಬ ಮಾತಿನ ಜೊತೆ ಇವಳ ತಲೆಗೆ ಬಂತು. ದಿನದ ದುಡಿಮೆ ಮುಗಿಸಿ, ಸೊಂಟ ಹಿಡಿದುಕೊಂಡೇ ಬಟ್ಟೆಯ ಅಗಲಗಳನ್ನು ಜೋಡಿಸಿ ಹೊಲಿದು, ಇಸ್ತ್ರಿ ಹಾಕಿ, ಸುರುಳಿ ಸುತ್ತಿ ಕಳಿಸಿದ್ದಳು. ಉಳಿದ ತುಂಡನ್ನು ಎಸೆಯಲು ಮನಸ್ಸಾಗಲಿಲ್ಲ. ಹೊಳಪಿಲ್ಲದ, ಚೆನ್ನಾಗಿ ಇಳಿಬೀಳುವ ಬಟ್ಟೆ. ಹಾಡಿನ ಮೂರನೇ ಚರಣ ಮಗಳದ್ದು, ಬರೆದದ್ದೂ ಅವಳೇ, ಹಾಡುವುದೂ ಅವಳೇ. ಎಲ್ಲರೂ ಹೊಸದು ಹಾಕಿಕೊಂಡು ಬರುವ ದಿನ ತನ್ನ ಮಗಳು ಹಳೆಯ ಅಂಗಿಯಲ್ಲಿ ನಿಲ್ಲಬಾರದೆಂದು, ಸೊಂಟಕ್ಕೆ ಸಣ್ಣ ನೆರಿಗೆ, ಪಕ್ಕಕ್ಕೊಂದು ಜೇಬು ಇಟ್ಟು ಉಡುಪು ಹೊಲಿದಿದ್ದಳು. ಗೋಡೆಯ ಹಸಿರನ್ನು ಅಳಿಸಿ ಸಮುದ್ರ ಹಾಕಿದ ಕಂಪ್ಯೂಟರು ಉಡುಪಿನ ಹಸಿರನ್ನೂ ಬಿಟ್ಟಿರಲಿಲ್ಲ. ಆ ನೆರಿಗೆಗಳ ಮೇಲೆಯೇ ಈಗ ಮೀನು ಹಾದುಹೋಗಿತ್ತು.

ಶೂಟಿಂಗ್ ಮುಗಿಸಿ ಬಂದ ದಿನ, ಹೇಗಾಯಿತೇ ಪೀಪಿ ಎಂದು ಅಪ್ಪ ಕೇಳಿದ್ದಕ್ಕೆ ಹುಡುಗಿ, ಚೆನ್ನಾಗಾಯ್ತು ಎಂದಷ್ಟೇ ಹೇಳಿ ಹೊದ್ದು ಮಲಗಿದ್ದಳು. ತೊಟ್ಟಿಲಲ್ಲಿದ್ದಾಗ ಅತ್ತ ಅಳುವಿನಿಂದ ಬಂದ ಅಡ್ಡಹೆಸರು ಅದು. ದನಿ ಈಗ ಪಳಗಿದ್ದರೂ ಹೆಸರು ಹೋಗಿರಲಿಲ್ಲ. ಆಯಾಸವಿರಬೇಕು ಎಂದುಕೊಂಡು ತಾಯಿ ಸುಮ್ಮನಾಗಿದ್ದಳು. ಅದಾದ ಮೇಲೆ ಪ್ರತಿದಿನ ಊಟದ ಹೊತ್ತಿಗೆ ಹೊಟ್ಟೆನೋವು ಅಂದಾಗಲೂ ಆಯಾಸವೇ ಎಂದುಕೊಂಡಿದ್ದಳು. ಈಗ ತನ್ನ ಬುದ್ಧಿಗೆ ತಾನೇ ಬೈದುಕೊಂಡು ಎದ್ದಳು.

ಶನಿವಾರ ಈ ವಿಡಿಯೋವನ್ನು ಶಾಲೆಯ ದೊಡ್ಡ ಹಾಲಿನಲ್ಲಿ ಎಲ್ಲರ ಅಪ್ಪ ಅಮ್ಮಂದಿರ ಮುಂದೆ ಹಾಕುವವರಿದ್ದರು. ಅಷ್ಟರೊಳಗೆ ಆ ಮೀನು ಹೋಗಬೇಕು, ಮಗಳು ಇಡಿಯಾಗಿ ಬರಬೇಕು. ಬೇರೆ ಯಾವ ಯೋಚನೆಯೂ ಅವಳ ತಲೆಯಲ್ಲಿರಲಿಲ್ಲ. ಕೊರಳಲ್ಲಿದ್ದ ಅಳತೆ ಟೇಪು ತೆಗೆಯುವುದನ್ನೂ ಮರೆತು ಹೊರಟವಳನ್ನು ಮಾಲೀಕ ಎಲ್ಲಿಗೆ ಎಂದ. ಶಾಲೆಗೆ ಎಂದ ಅವಳ ದನಿ ಕೇಳಿ ಮುಂದಿನ ಪ್ರಶ್ನೆಯನ್ನು ನುಂಗಿಕೊಂಡ.

ಕಂಪ್ಯೂಟರ್ ಕೋಣೆಯಲ್ಲಿ ಬಿಸಿ ಧೂಳಿನ ವಾಸನೆ. ಅಕ್ಷರ ಸವೆದ ಕೀಬೋರ್ಡುಗಳು, ಕಿಟಕಿಗೆ ಅಂಟಿಸಿದ ಹಳೆಯ ಕಾಗದಗಳು. ಗೋಡೆಯ ಮೇಲೆ ಅವಳ ಹಸಿರು ಬಟ್ಟೆ ಇನ್ನೂ ತೂಗುತ್ತಿತ್ತು, ಸೊಟ್ಟಗೆ, ಕೆಳಗಿನ ಅಂಚಿನಲ್ಲಿ ಬೂಟಿನ ಗುರುತಿನೊಂದಿಗೆ. ಮೇಷ್ಟ್ರೂ ಮೂವರು ಹುಡುಗರೂ ಒಂದು ಕಂಪ್ಯೂಟರಿನ ಮುಂದೆ ಮುತ್ತಿಕೊಂಡಿದ್ದರು. ಅದರ ಪರದೆಯಲ್ಲಿ ಮೇಲೆ ಚಿತ್ರಗಳ ಪಟ್ಟಿ, ಕೆಳಗೆ ಬಣ್ಣಬಣ್ಣದ ಉದ್ದನೆಯ ಪಟ್ಟಿಗಳು, ಹಾಡಿದ ಒಬ್ಬೊಬ್ಬರ ದನಿಗೂ ಒಂದೊಂದು. ಮೌಸ್ ಹಿಡಿದಿದ್ದವನನ್ನು ಇಡೀ ಶಾಲೆ ಡೈರೆಕ್ಟರ್ ಎಂದೇ ಕರೆಯುತ್ತಿತ್ತು. ಹಾಜರಿ ಕೂಗುವಾಗಲೂ ಮೇಷ್ಟ್ರ ಬಾಯಲ್ಲಿ ಅದೇ. ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದ ಮಗಳು ಅಮ್ಮನನ್ನು ಕಂಡು ತಲೆ ತಗ್ಗಿಸಿದಳು.

"ಬನ್ನಿ ಬನ್ನಿ," ಮೇಷ್ಟ್ರು ಎದ್ದರು. "ನಿಮ್ಮ ಬಟ್ಟೆ ಇಲ್ದಿದ್ರೆ ಈ ವಿಡಿಯೋನೇ ಇರ್ತಿರಲಿಲ್ಲ."

ಅವಳು ಬಂದ ಕೆಲಸ ಹೇಳಿದಳು. ಮೇಷ್ಟ್ರು ನಗುನಗುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟರು. ಮಕ್ಕಳಿಗೆಲ್ಲ ಬಹಳ ಇಷ್ಟವಾಗಿರುವುದೇ ಆ ಭಾಗವಂತೆ. ಈ ಕಾಲದಲ್ಲಿ ತಪ್ಪೂ ಒಂದು ಶೈಲಿಯಂತೆ. ಬಣ್ಣ ಹೊಂದಿಸಿ, ತಾಳಕ್ಕೆ ತಕ್ಕಂತೆ ಕತ್ತರಿಸಿ ಎಲ್ಲ ಮುಗಿದಿದೆ, ಇನ್ನು ಕೈ ಹಾಕಲು ಸಮಯವೇ ಇಲ್ಲವಂತೆ. ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಸೇರಿಸಿದರು: ಯಾರು ಎಲ್ಲಿ ನಿಲ್ಲಬೇಕು, ಕ್ಯಾಮೆರಾ ಎಲ್ಲಿಡಬೇಕು, ಏನು ತೊಡಬೇಕು ಎಂಬುದನ್ನೆಲ್ಲ ಮೊದಲೇ ಬರೆದು ಎಲ್ಲರ ಫೋನಿಗೂ ಹಾಕಲಾಗಿತ್ತು; ಹಸಿರು ತೊಡಬಾರದು ಎಂದು ಕೆಂಪಕ್ಷರದಲ್ಲೇ ಇತ್ತು; ಹುಡುಗಿ ಓದಿಕೊಳ್ಳಬೇಕಿತ್ತು.

"ಯಾವ ಫೋನಲ್ಲಿ?" ತಾಯಿ ಕೇಳಿದಳು.

ಮನೆಗಿದ್ದದ್ದು ಒಂದೇ ಫೋನು, ಅದು ದಿನವಿಡೀ ವ್ಯಾನಿನಲ್ಲಿ ಸುತ್ತುತ್ತಿತ್ತು. ಮೇಷ್ಟ್ರಿಗೆ ಅದು ಗೊತ್ತಿತ್ತು. ಯಾರದಾದರೂ ಫೋನಿನಲ್ಲಿ ಇಣುಕಿ ನೋಡಿಕೋ ಎಂದು ಹುಡುಗಿಗೆ ಹೇಳಿದ್ದವರೇ ಅವರು.

"ಸಾರ್, ಅವತ್ತು ಅಂಗಡೀಲಿ ನಿಂತು ಎಷ್ಟ್ ಹೇಳಿದ್ರಿ ನೀವು. ಸುಕ್ಕಿರಬಾರ್ದು ಅಂದ್ರಿ. ಹೊಲಿಗೆ ಕಾಣಬಾರ್ದು ಅಂದ್ರಿ. ಬೆಳಕಿಗೆ ಹೊಳೀಬಾರ್ದು ಅಂದ್ರಿ. ಗೋಡೆಗೆ ಏನೇನು ಬೇಕೋ ಅಷ್ಟೂ ಹೇಳಿದ್ರಿ. ಈ ಬಣ್ಣ ಮಕ್ಕಳ ಮೈಮೇಲೆ ಹಾಕ್ಬೇಡಿ ಅಂತ ಒಂದ್ ಮಾತು ಹೇಳೋಕೆ ನಿಮಗೆ ಉಸಿರು ಸಾಲ್ಲಿಲ್ವಾ?"

ಮೇಷ್ಟ್ರು ಫ್ಯಾನಿನ ಕಡೆ ನೋಡಿದರು. ಡೈರೆಕ್ಟರ್ ಮಾತ್ರ ಮೌಸಿನಿಂದ ಕೈ ತೆಗೆಯದೆ, "ಆಂಟಿ, ಅವಳೇನೂ ಬೇಡ ಅನ್ಲಿಲ್ಲ," ಎಂದು ಗೊಣಗಿದ.

"ಅಂದಿದ್ದೆ," ಎಂದಳು ಮಗಳು.

ಕೊನೆಯ ಬೆಂಚಿನಿಂದ ಎದ್ದು ನಿಂತೇ ಹೇಳಿದಳು. ಕ್ಯಾಮೆರಾದ ಪಕ್ಕದಲ್ಲಿಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ತಾನು ಕಾಣೆಯಾಗುತ್ತಿರುವುದು ಅವಳಿಗೆ ಆಗಲೇ ಕಂಡಿತ್ತು. ಮೇಷ್ಟ್ರು ಹೊರಗೆ ಹೋಗಿದ್ದರು. ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಚೀಲದಲ್ಲಿ ಯೂನಿಫಾರ್ಮ್ ಇದೆ, ಹಾಕಿಕೊಂಡು ಬರುತ್ತೇನೆ ಎಂದು ಅವಳು ಕೇಳಿದ್ದಳು. ನೀನು ಬರುವಷ್ಟರಲ್ಲಿ ಬೆಳಕು ಹೋಗುತ್ತದೆ, ಹೀಗೇ ನಿಲ್ಲುವುದಾದರೆ ನಿಲ್ಲು, ಇಲ್ಲದಿದ್ದರೆ ಮೊದಲೇ ರೆಕಾರ್ಡ್ ಮಾಡಿದ ನಿನ್ನ ಚರಣಕ್ಕೆ ಇನ್ನೊಬ್ಬರು ನಿಂತು ಬಾಯಾಡಿಸುತ್ತಾರೆ ಎಂದು ಡೈರೆಕ್ಟರ್ ಹೇಳಿದ್ದ. ನಿಂತಿದ್ದಳು. ಲ್ಯಾಪ್‌ಟಾಪ್ ಕಾಣದಿರಲಿ ಎಂದು ಕಣ್ಣು ಅರೆಮುಚ್ಚಿಕೊಂಡು ಹಾಡಿದ್ದಳು.

"ಮನೇಲಿ ಯಾಕೆ ಹೇಳ್ಲಿಲ್ಲ?" ತಾಯಿ ಕೇಳಿದಳು.

"ನೀನು ಹೊಲಿದಿದ್ದಲ್ವಾ ಅಮ್ಮ."

ತಾಯಿಗೆ ಅಷ್ಟು ಹೊತ್ತು ನಾಲಗೆಯಲ್ಲಿದ್ದ ಕೋಪ ಕೈಗಿಳಿಯಿತು. ನೇರ ಗೋಡೆಯ ಬಳಿ ಹೋಗಿ ಹಸಿರು ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ಒಂದು ಸಲ ಜಗ್ಗಿದರೆ ಸರಳು ಸಮೇತ ನೆಲಕ್ಕೆ ಬರುತ್ತಿತ್ತು.

"ಬಿಡಮ್ಮ ಅದನ್ನ," ಮಗಳು ಅಂದಳು. ಬೆಂಚುಗಳ ನಡುವೆ ಬಂದು ಡೈರೆಕ್ಟರನ ಕುರ್ಚಿಯ ಪಕ್ಕ ನಿಂತಳು. "ನಂದು ತೆಗಿ."

ಅವನು ಮುಖ ಸಿಂಡರಿಸಿಕೊಂಡು ಚಿತ್ರಪಟ್ಟಿಯ ಮೇಲೆ ಬಾಣದ ಗುರುತನ್ನು ಒಯ್ದ.

"ಚಿತ್ರ ಅಲ್ಲ. ದನಿ. ಪಲ್ಲವಿಯಿಂದಾನೂ ತೆಗಿ."

ಹಟ ಮಾಡಬಾರದಮ್ಮ, ಇದು ಎಲ್ಲರ ಶ್ರಮ ಎಂದು ಮೇಷ್ಟ್ರು ಶುರುಮಾಡಿದರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಹುಡುಗನ ಕೈಯಿಂದ ಮೌಸ್ ತೆಗೆದುಕೊಂಡು, ತನ್ನ ದನಿಯಿದ್ದ ಕಿತ್ತಳೆ ಪಟ್ಟಿಯ ತುದಿಯಲ್ಲಿದ್ದ, ದನಿ ಅಡಗಿಸುವ ಗುಂಡಿ ಒತ್ತಿದಳು. ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿತು. ಹಾಡನ್ನು ಮೊದಲಿನಿಂದ ಹಚ್ಚಿದಳು.

ಪಲ್ಲವಿ ಬಂತು. ಮೂರು ಗಂಡುದನಿಗಳು ಮೂರು ದಿಕ್ಕಿಗೆ ಹೊರಟವು. ಒಂದು ಮೇಲೇರಲು ಹೋಗಿ ನಡುವೆ ನಿಂತಿತು, ಇನ್ನೊಂದು ಹಿಂದೆ ಬಿದ್ದು ಓಡೋಡಿ ಬಂತು. ಅದುವರೆಗೆ ಅವನ್ನೆಲ್ಲ ಒಂದು ದಾರಿಯಲ್ಲಿ ಹಿಡಿದಿಟ್ಟಿದ್ದದ್ದು ಯಾವುದೆಂದು ಆ ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೇ ತಿಳಿಯಿತು. ಎರಡು ಚರಣ ಹೀಗೇ ಕುಂಟಿಕೊಂಡು ಸಾಗಿದವು. ಮೂರನೆಯದರಲ್ಲಿ ಹಾಡೇ ಇರಲಿಲ್ಲ. ಕಂಪ್ಯೂಟರಿನ ಡೋಲು ಟಕಟಕ ಅನ್ನುತ್ತಿತ್ತು, ಹುಡುಗಿಯ ತಲೆ ಸದ್ದಿಲ್ಲದೆ ಬಾಯಾಡಿಸುತ್ತಿತ್ತು, ಮೀನು ಬಂದು ಹೋಯಿತು. ಯಾರೂ ನಗಲಿಲ್ಲ.

"ಹೀಗೆ ಆಗಲ್ಲಮ್ಮ," ಎಂದರು ಮೇಷ್ಟ್ರು. ಈ ಸಲ ಮಾತಾಡಿದ್ದು ಮಗಳ ಜೊತೆ.

"ಹಾಗಾದ್ರೆ ಇನ್ನೊಂದ್ಸಲ ತೆಗೀರಿ. ನನ್ನ ಮೈಯೂ ಇರೋ ಹಾಗೆ."

ಇಲ್ಲದ ಸಮಯ ಎಲ್ಲಿಂದಲೋ ಹುಟ್ಟಿಕೊಂಡಿತು. ಶಾಲೆ ಬಿಟ್ಟ ಮೇಲೆ, ಮೆಟ್ಟಿಲಿನ ಪಕ್ಕ ಸುಣ್ಣ ಕಿತ್ತುಹೋದ ಗೋಡೆಯ ಮುಂದೆ ಹುಡುಗಿ ಯೂನಿಫಾರ್ಮಿನಲ್ಲೇ ನಿಂತಳು. ಆ ಹಸಿರು ಗೋಡೆಯ ಹತ್ತಿರ ಇನ್ನು ಸುಳಿಯುವುದಿಲ್ಲ ಎಂದುಬಿಟ್ಟಿದ್ದಳು. ಸಮುದ್ರದ ನಡುವೆ ದಿಢೀರನೆ ಗೋಡೆ ಬಂದರೆ ಕಣ್ಣಿಗೆ ಹೊಡೆಯುತ್ತದೆ ಎಂದು ಡೈರೆಕ್ಟರ್ ಗೋಳಾಡಿದ. ಹೊಡೆಯಲಿ ಅಂದಳು. ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಬಿಳಿಯ ಹಲಗೆಯೊಂದನ್ನು ಯಾರಾದರೂ ಎತ್ತಿ ಹಿಡಿಯಬೇಕಿತ್ತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟರಲ್ಲಿ ತಾಯಿ ಎತ್ತಿಕೊಂಡಾಗಿತ್ತು.

ಹಾಡು ಬೇರೆಯಾಗುವ ಗೆಳೆಯರ ಹಾಡು. ಹೋದಲ್ಲೆಲ್ಲ ನಿಮ್ಮ ನಗು ನನ್ನ ಜೊತೆಗೇ ಬರುತ್ತದೆ ಎಂಬ ಸಾಲು ಅದರಲ್ಲಿತ್ತು. ತಿಂಗಳ ಹಿಂದೆ ಪ್ರೀತಿಯಿಂದಲೇ ಬರೆದದ್ದು. ಈಗ ಹುಡುಗಿ ಕಣ್ಣನ್ನು ಪೂರ್ತಿ ತೆರೆದು, ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದ ಡೈರೆಕ್ಟರನನ್ನೇ ನೋಡುತ್ತ ಆ ಸಾಲನ್ನು ಹಾಡಿದಳು. ಅವನ ಕೈ ಅಲುಗಿತು, ಚಿತ್ರವೂ ಅಲುಗಿತು. ಮತ್ತೆ ತೆಗೆಯಬೇಕಾಯಿತು. ಮತ್ತೆಯೂ ಹಾಗೇ ನೋಡಿದಳು. ಸ್ವಲ್ಪ ನಗಮ್ಮ, ಗೆಳೆತನದ ಮಾತು ಅದು ಎಂದು ಮೇಷ್ಟ್ರು ಬೇಡಿಕೊಂಡರು. ನಗಲಿಲ್ಲ.

ತಾಯಿಯ ತೋಳು ನೋಯತೊಡಗಿತ್ತು. ಹೊಲಿದದ್ದು ಕೆಟ್ಟರೆ ಬಿಚ್ಚಿ ಮತ್ತೆ ಹೊಲಿಯುವುದೇ ಅವಳ ಜೀವನವಾಗಿತ್ತು. ಆದರೆ ಆ ಮೀನು ಆಗಲೇ ಎಷ್ಟು ಮನೆ ಸೇರಿದೆಯೋ, ಯಾವ ಯಾವ ಡ್ರೈವರನ ಜೇಬಿನಲ್ಲಿ ಈಜುತ್ತಿದೆಯೋ. ಅದನ್ನು ಬಿಚ್ಚಲು ಯಾವ ಕತ್ತರಿಯೂ ಇರಲಿಲ್ಲ. ಶನಿವಾರ ಈ ಹೊಸ ತುಣುಕು ಹಾಕಿದರೂ ಹಾಲಿನ ಯಾವುದೋ ಸಾಲಿನಲ್ಲಿ ಯಾರೋ ಪಕ್ಕದವರ ಕಿವಿಯಲ್ಲಿ ಹಳೆಯದನ್ನೇ ಹೇಳುತ್ತಾರೆ.

ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಅವಳ ಪಕ್ಕಕ್ಕೆ ಬಂದರು. "ಈಗ ಸಮಾಧಾನ ಆಯ್ತಲ್ಲ ನಿಮಗೆ?"

"ಇಲ್ಲ," ಎಂದಳು ತಾಯಿ. "ಪಕ್ಕಕ್ಕೆ ನಿಂತ್ಕೊಳ್ಳಿ ಸಾರ್, ಅವಳ ಮೇಲೆ ನಿಮ್ಮ ನೆರಳು ಬೀಳ್ತಿದೆ."