ಸೊಪ್ಪು ಬಸಿದ ನೀರು

೧

ಆದಿಲಕ್ಷ್ಮಿ ಬೆಂದ ದಂಟಿನ ಸೊಪ್ಪನ್ನು ಬಸಿದಳು. ನೀರನ್ನು ಹಿತ್ತಲಿಗೆ ಚೆಲ್ಲಿದಳು.

(ಆಸ್ಪತ್ರೆಯ ಕಥೆಯನ್ನು ಅಡುಗೆಮನೆಯಿಂದ ಶುರು ಮಾಡಬಹುದೇ? ಮೊದಲ ಡ್ರಾಫ್ಟಿನಲ್ಲಿ ಆಂಬುಲೆನ್ಸ್ ಇತ್ತು. ೧೯೮೬ರಲ್ಲಿ ಮುಳಬಾಗಿಲಿನಾಚೆಯ ಅವಳ ಹಳ್ಳಿ ನಂಗಲಿಗೆ ಆಂಬುಲೆನ್ಸ್ ಎಲ್ಲಿಂದ ಬರಬೇಕು? ಹರಿದೆ.)

೨

ಅವಳ ಅಪ್ಪ ಗಂಗುಲಪ್ಪನಿಗೆ ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆರಡು ಸಲ ಡಯಾಲಿಸಿಸ್. ಆಸ್ಪತ್ರೆಯನ್ನು ಕೋಲಾರದಲ್ಲೇ ಇಟ್ಟಿದ್ದೇನೆ. ಆಗ ಅಲ್ಲಿ ಆ ಮಿಶಿನ್ ಇತ್ತೇ ಎಂದು ಕೇಳಬೇಡಿ. ಬೆಂಗಳೂರಿನವರೆಗೆ ಬಸ್ಸಿನಲ್ಲಿ ಕೂರಿಸಿದರೆ ಅವನಿಗೂ ಕಷ್ಟ, ನನಗೂ ಕಷ್ಟ.

ಸೊಪ್ಪಿನಲ್ಲಿ ಪೊಟ್ಯಾಷಿಯಮ್ ಇದೆ, ರಕ್ತದಲ್ಲಿ ಅದು ಏರಿದರೆ ಎದೆಬಡಿತ ತಪ್ಪುತ್ತದೆ, ಬೇಯಿಸಿ ನೀರು ಬಸಿಯಿರಿ ಎಂದಿದ್ದರು ಡಾಕ್ಟರು, ಮೂರು ತಿಂಗಳ ಹಿಂದೆ. ಆದಿಲಕ್ಷ್ಮಿ ಬಸಿದಳು. ಆ ನೀರಿಗೇ ಖಾರ ರುಬ್ಬಿ ಹಾಕಿ, ಬಸ್ಸಾರು ಮಾಡಿ, ಮುದ್ದೆಯ ಜೊತೆ ಅಪ್ಪನಿಗೆ ಬಡಿಸಿದಳು. ಬಸಿದ ನೀರು ಇರುವುದು ಮತ್ತೇತಕ್ಕೆ? (ಡಾಕ್ಟರು ನಮ್ಮ ಕಡೆಯವರಲ್ಲ, ಚೆಲ್ಲಿ ಅನ್ನಲಿಲ್ಲ.)

ಮೂರು ತಿಂಗಳು ಪೊಟ್ಯಾಷಿಯಮ್ ಏರುತ್ತಲೇ ಹೋಯಿತು. ಅದನ್ನು ಎಳೆದು ತೆಗೆಯಲೆಂದು, ಗಂಗುಲಪ್ಪನ ಮಿಶಿನ್ನಿನ ತೊಟ್ಟಿಯ ದ್ರಾವಣಕ್ಕೆ, ರಕ್ತದ್ದೆಲ್ಲ ಸೋರಿಹೋಗದಿರಲೆಂದು ಎಲ್ಲರಿಗೂ ಹಾಕುವ ಪೊಟ್ಯಾಷಿಯಮ್ ಪುಡಿ ಹಾಕಲೇಬೇಡಿ ಎಂದು ಡಾಕ್ಟರು ಚೀಟಿ ಬರೆದರು.

೩

ಹೋದ ವಾರ ನರ್ಸ್ ಭಾರತಮ್ಮ ಪಕ್ಕದ ಮಂಚದವರಿಗೆ ಹೇಳುತ್ತಿದ್ದುದು ಆದಿಲಕ್ಷ್ಮಿಯ ಕಿವಿಗೆ ಬಿತ್ತು: “ಆ ನೀರಲ್ಲೇ ಸಾರು ಮಾಡಿದ್ರೆ ಬಸಿದು ಏನ್ ಬಂತು ಭಾಗ್ಯ? ಪೊಟ್ಯಾಷಿಯಮ್ ಜಾಸ್ತಿಯಾದ್ರೂ ಎದೆಗೆ ಕಷ್ಟ, ತೀರಾ ಇಳಿದ್ರೂ ಕಷ್ಟ.”

ಅಂದಿನಿಂದ ನೀರು ಹಿತ್ತಲಿಗೆ. ಸಾಲದ್ದಕ್ಕೆ ಗಂಗುಲಪ್ಪನಿಗೆ ಎರಡು ದಿನದಿಂದ ಭೇದಿ. ಪೊಟ್ಯಾಷಿಯಮ್ ಆಗಲೇ ಇಳಿದಿರಬೇಕು. ರಕ್ತದ ರಿಪೋರ್ಟು ಬರುವುದು ಮಧ್ಯಾಹ್ನ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಭಾರತಮ್ಮ ಹಳೆಯ ಚೀಟಿ ನೋಡಿಕೊಂಡು, ಪುಡಿಯಿಲ್ಲದೆ ತೊಟ್ಟಿ ಕಲಸಿದರು.

“ಏನ್ ಗಂಗುಲಪ್ಪೋರೆ, ಸೊರಗೋಗಿದೀರಲ್ಲ. ಮಗಳು ಊಟ ಹಾಕ್ಲಿಲ್ವಾ?”

“ಬಸ್ಸಾರೇ ಮಾಡ್ತಿಲ್ಲ ಕಣಮ್ಮಾ ಇವ್ಳು.”

ಭಾರತಮ್ಮ ನಕ್ಕು ಸೂಜಿ ಚುಚ್ಚಿದರು. ಭೇದಿಯ ವಿಷಯ ಹೆಂಗಸಿನ ಮುಂದೆ ಹೇಳಲು ಅವನಿಗೆ ನಾಚಿಕೆ. ಸಾರಿನ ವಿಷಯ ಹೇಳಲು ಮಗಳಿಗೆ ಭಯ.

೪

“ಹೇಳೇ,” ಅಂದೆ ನಾನು.

“ಹೇಳಿದ್ರೆ ಮೂರು ತಿಂಗ್ಳು ಅಪ್ಪನಿಗೆ ವಿಷ ಉಣ್ಸಿದ್ದು ನಾನೇ ಅಂತಾಗುತ್ತೆ,” ಅಂದಳು ಆದಿಲಕ್ಷ್ಮಿ. “ನೀವೇ ಡಾಕ್ಟ್ರನ್ನ ಒಳಕ್ಕೆ ಕಳ್ಸಿ. ಬರೆಯೋರು ನೀವು ತಾನೇ?”

ಕೊನೆ ಒಂದು: ಡಾಕ್ಟರು ಬಂದರು, ಪುಡಿ ಹಾಕಿಸಿದರು, ಗಂಗುಲಪ್ಪ ಮುಳಬಾಗಿಲಿನ ಬಸ್ ಹತ್ತಿದ. (ಹೊಡೆದುಹಾಕಿದೆ. ಯಾರೂ ಬಾಯಿ ಬಿಡದೆ ಅವರಿಗೆ ಹೇಗೆ ತಿಳಿಯಿತು?)

ಕೊನೆ ಎರಡು: ಅರ್ಧ ಸಾಲು ಬರೆದಿದ್ದೆ. ಗಂಗುಲಪ್ಪನೇ ತಲೆಯೆತ್ತಿದ. “ನನ್ ಎದುರಿಗೇ ಬರೀತೀಯೇನಮ್ಮಾ ಅದನ್ನ?”

ಪೆನ್ನು ಕೆಳಗಿಟ್ಟೆ.

೫

ಮೂರನೆಯದು ನನ್ನ ಕೈಯಲ್ಲಿಲ್ಲ. ಅಪ್ಪನ ಮಣಿಕಟ್ಟಿನ ಮೇಲೆ ಆದಿಲಕ್ಷ್ಮಿಯ ಬೆರಳಿದೆ. ನಾಡಿ ಮೂರು ಸಲ ಹೊಡೆದು ಒಂದು ಬಿಟ್ಟಿತು. ಎರಡು ಹೊಡೆದು ಮತ್ತೆ ಬಿಟ್ಟಿತು. ಭಾರತಮ್ಮ ಆ ಕಡೆ ತಿರುಗಿ ಇನ್ನೊಂದು ತೊಟ್ಟಿ ಕಲಸುತ್ತಿದ್ದಾರೆ, ಮೋಟಾರಿನ ಸದ್ದು. ಆದಿಲಕ್ಷ್ಮಿ ಎದ್ದು ನಿಂತಳು. ಏನು ಹೇಳಬೇಕೆಂದು ನಾನು ಬರೆದುಕೊಟ್ಟಿಲ್ಲ.

“ಅಕ್ಕಾ, ತಪ್ಪು ನಂದೇ. ಮಿಶಿನ್ ನಿಲ್ಸಿ.”