ಎಂಜಲು ಬೆರಳು

ಕೆಲಸದ ಗಂಟೆ ಇನ್ನೂ ಹೊಡೆದಿರಲಿಲ್ಲ. ಹಿರಿಯಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹೊಲಿಗೆ ಮಿಷನ್ನಿನ ಸೂಜಿಯ ಬುಡದಲ್ಲಿ ಕೂತಿದ್ದ ನೂಲಿನ ಧೂಳನ್ನು ಕೆದಕಿ ತೆಗೆಯುತ್ತಿದ್ದಳು. ಪಕ್ಕದಲ್ಲಿ ಅವಳ ಓರಗಿತ್ತಿ, ಮೈದುನನ ಹೆಂಡತಿ, ಅದನ್ನೇ ಮಾಡುತ್ತಿದ್ದಳು. ಒಂದೇ ಮನೆ, ಒಂದೇ ಒಲೆ. ಮೂರು ದಿನದಿಂದ ಮಾತಿಲ್ಲ.

ಕಾರಣ ಕಿರಿಯಳ ಹಣೆಯ ಮೇಲಿತ್ತು. ಪಟ್ಟಿ ಕಟ್ಟಿದ ಪುಟ್ಟ ಕ್ಯಾಮೆರಾ. ಕೈಗೆ ತಂತಿ ಹೊಲಿದ ತೆಳು ಗವಸು. ಬೆರಳು ಹೇಗಾಡುತ್ತದೆಂದು ಹಿಡಿದಿಡಲು ಆಫೀಸಿನವರು ಕೊಟ್ಟದ್ದು. ಕೂರಲು ಬೆನ್ನು ಒರಗಿಸುವ ಕುರ್ಚಿ ಬೇರೆ. ಮಿಕ್ಕ ಹೆಂಗಸರಿಗೆಲ್ಲ ಸ್ಟೂಲೇ ಗತಿ.

ಕಾಲರಿನ ಮೂಲೆಯೊಳಗೆ ನೂಲೆಳೆ ಇಟ್ಟು, ಎಳೆದು, ಮೊನೆ ತೆಗೆಯುವ ಕೈಚಳಕವನ್ನು ಆ ಕಾರ್ಖಾನೆಗೆ ತಂದವಳು ಹಿರಿಯಳು. ಮದುವೆಯಾಗಿ ಬಂದಾಗ ಕಿರಿಯಳಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಕೈಹಿಡಿದು ಕಲಿಸಿದವಳ ಎದುರಿಗೇ ಈಗ ಕುರ್ಚಿಗೆ ಒರಗುತ್ತಾಳೆ. ಗಂಟೆ ಹೊಡೆದರೂ ಹಿರಿಯಳು ಬ್ರಷ್ ಹಿಡಿದು ಅವಳನ್ನೇ ನೋಡುತ್ತಿದ್ದಳು.

ಸೂಪರ್‌ವೈಸರನಿಗೆ ಹೆಂಗಸರು ಇಟ್ಟ ಹೆಸರು ಗಡಿಯಾರ. ಉಚ್ಚೆಗೆ ಎದ್ದರೂ ನಿಮಿಷ ಎಣಿಸುವವನು.

"ಏನೇ ಮುದುಕಿ, ಅವಳ ಮುಖ ನೋಡ್ತಾ ಕೂತ್ರೆ ಕಾಲರ್ ನಿಮ್ಮಪ್ಪ ಬಂದು ಹೊಲೀತಾನಾ? ದರಿದ್ರ ಮುಂಡೆ."

"ಸಾರ್, ಅವಳು ಕಲ್ತಿದ್ದು ನನ್ನ ಕೈಯಿಂದ. ಅಸಲು ಇಲ್ಲೇ ಕೂತಿರುವಾಗ ನಕಲಿಗೆ ಯಾಕೆ ಕ್ಯಾಮೆರಾ?"

ಗಡಿಯಾರ ಅವಳ ಬೆರಳುಗಳನ್ನು ನೋಡಿದ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಂತೆ. ಆಫೀಸಿನವರನ್ನು ಕೇಳಿ ಬರಲು ಹೋದ.

ಕಿರಿಯಳು ಬಗ್ಗಿ ಪಿಸುಗುಟ್ಟಿದಳು. "ಅಕ್ಕಾ, ಬೇಡ. ಇದ್ಯಾಕೋ ಸರಿ ಕಾಣ್ತಿಲ್ಲ. ನಾನು ಬೇಕಂತಲೇ ತಪ್ಪು ತಪ್ಪು ಎಳೀತಿದೀನಿ."

"ಕುರ್ಚಿ ಬಿಡೋಕೆ ಸಂಕಟ ನಿಂಗೆ. ಕಥೆ ಕಟ್ಟಬೇಡ."

ಆಫೀಸಿನವರು ಒಪ್ಪಿದರು. ಹನ್ನೆರಡು ದಿನ ಹಿರಿಯಳು ಕ್ಯಾಮೆರಾ ಕಟ್ಟಿ, ಗವಸು ತೊಟ್ಟು ಕುರ್ಚಿಯಲ್ಲಿ ಕೂತಳು. ಒಂದೂ ಮೂಲೆ ಕೆಡಲಿಲ್ಲ. ಪ್ರತಿ ಮೂಲೆಗೂ ಮುಂಚೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ನೂಲು ಹಿಡಿಯುವುದು ಅವಳ ರೂಢಿ. ಗವಸಿನ ಮೇಲೂ ಅದು ತಪ್ಪಲಿಲ್ಲ.

ತಿಂಗಳಾದ ಮೇಲೆ ಮೂಲೆ ತೆಗೆಯುವ ಯಂತ್ರ, ಒಂದು ಕಬ್ಬಿಣದ ತೋಳು ಬಂತು. ಅದಕ್ಕೆ ಕಾಲರ್ ಎತ್ತಿಕೊಡಲು ಒಬ್ಬಳು ಸಾಕು.

"ಚಿಕ್ಕವಳು ಇರಲಿ, ಬೇಗ ಬಗ್ತಾಳೆ," ಎಂದ ಗಡಿಯಾರ. "ಕಾಲರ್ ಸಾಲಿನ ಮಿಕ್ಕವರು ನಾಳೆಯಿಂದ ಬರಬೇಡಿ."

ತೋಳು ಶುರುವಾಯಿತು. ಪ್ರತಿ ಮೂಲೆಗೂ ಮುಂಚೆ ಅದು ಮೇಲೆದ್ದು, ಏನೂ ಇಲ್ಲದ ಗಾಳಿಯಲ್ಲಿ ಒಂದು ಕ್ಷಣ ನಿಂತು, ಮತ್ತೆ ಬಟ್ಟೆಗೆ ಇಳಿಯುತ್ತಿತ್ತು.

"ಏನಾಗಿದೆ ಇದಕ್ಕೆ?" ಎಂದ ಗಡಿಯಾರ.

"ಎಂಜಲು ಹಚ್ಕೊಳ್ತಿದೆ," ಎಂದಳು ಹಿಂದಿನ ಸಾಲಿನ ಗುಂಡಿ ಹೊಲಿಯುವವಳು. "ಪಾಪ, ಬಾಯಿ ಕೊಟ್ಟಿಲ್ಲ."

ಒಂದಿಬ್ಬರು ನಕ್ಕರು. ಹಿರಿಯಳು ನಗಲಿಲ್ಲ. ಎದ್ದು ಹೋಗಿ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು. ತೋಳು ಬಾಯಿಯ ಎತ್ತರದಲ್ಲೇ ನಿಂತುಬಿಟ್ಟಿತು. ಅವಳು ಬೆನ್ನಿನ ಕುರ್ಚಿಯನ್ನು ಎಳೆದು ಅದರ ಮುಂದೆ ಹಾಕಿಕೊಂಡು ಕೂತಳು.

"ಏಯ್, ಏಳೇ ಮೇಲೆ! ಯಾರಪ್ಪನ ಮನೆ ಅಂದ್ಕೊಂಡೆ?"

ಹಿರಿಯಳು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಂಡಳು. ಕಿರಿಯಳು ಎರಡು ಹೆಜ್ಜೆ ದೂರದಲ್ಲಿ, ತೋಳ ತುಂಬ ಕಾಲರುಗಳನ್ನು ಅಪ್ಪಿಕೊಂಡು ನಿಂತಿದ್ದಳು.

"ತಂಗೀ, ಒಂದು ಕಾಲರ್ ಕೊಡು."