ತಾರಸಿಯ ಕೆಳಗೆ ಅವಲಕ್ಕಿ

ನರಸಿಂಹರಾಜಪುರದಲ್ಲಿ ಸೋಮಶೇಖರಪ್ಪನವರ ಅಕ್ಕಿ ಗಿರಣಿಗೆ ಸಿಮೆಂಟಿನ ತಾರಸಿ ಹಾಕಿದ ದಿನದಿಂದ ಗಾರೆ ಮೇಸ್ತ್ರಿ ಬೂತಪ್ಪನಿಗೆ ಊಟ ಸೇರಲಿಲ್ಲ. ಗೋಡೆ ಅವನದೇ. ಕೆಂಪು ಜಂಬಿಟ್ಟಿಗೆ ಕಲ್ಲು, ಬೆಲ್ಲದ ನೀರು ಬೆರೆಸಿ ಅರೆದ ಗಾರೆ, ಅಜ್ಜನ ಕಾಲದ ಅದೇ ಹದ. ಅದರ ಬಗ್ಗೆ ಚಿಂತೆಯಿಲ್ಲ. ತಲೆ ಮೇಲಿನದು ಮಾತ್ರ ಶಿವಮೊಗ್ಗದಿಂದ ಬಂದ ಇಂಜಿನಿಯರ್ ಉಮಾಮಹೇಶ್ವರನದು. ಅದರಡಿ ಅಕ್ಕಿ ಕೇರಲು ಬರುವವಳೋ, ಬೂತಪ್ಪನ ಒಬ್ಬಳೇ ಮಗಳು ಕಲ್ಲಮ್ಮ.

"ರೈಲು ಬಂತು, ಇಂಜಿನ್ ಬಂತು. ನೀವು ಗಾರೆಯವರು ಮಾತ್ರ ಇದ್ದಲ್ಲೇ ಇದ್ದೀರಿ," ಎಂದ ಇಂಜಿನಿಯರ್.

"ರೈಲು ಕೆಟ್ರೆ ಇಳಿದು ನಡೀಬಹುದು ಸ್ವಾಮಿ. ಸೂರು ಕೆಟ್ರೆ ಎಲ್ಲಿಗೆ ಇಳಿಯೋದು?"

ಬೂತಪ್ಪನ ಮನೆತನದಲ್ಲೊಂದು ಪದ್ಧತಿ. ಕಮಾನಿನ ಆಸರೆ ಮರ ತೆಗೆಯುವಾಗ ಕಟ್ಟಿದವನು ಅದರ ಕೆಳಗೇ ಕೂತು ಅವಲಕ್ಕಿ ಬೆಲ್ಲ ತಿನ್ನಬೇಕು. ತಾರಸಿಯ ಆಸರೆ ತೆಗೆಯುವ ದಿನ ಅವನು ಇಂಜಿನಿಯರನಿಗೆ ಮಣೆ ಹಾಕಿದ. ಆ ಪುಣ್ಯಾತ್ಮ ನಕ್ಕು, "ಲೆಕ್ಕ ಎಲ್ಲಾ ಸರಿ ಇದೆ ಮಾರಾಯ," ಎನ್ನುತ್ತ ಅಂಗಳಕ್ಕೆ ಹೋಗಿ ನಿಂತ. ಲೆಕ್ಕ ಸರಿ ಇದ್ದವನು ಹೊರಗೇಕೆ ನಿಲ್ಲಬೇಕು? ಬೂತಪ್ಪನ ಅನುಮಾನ ಗಟ್ಟಿಯಾಯಿತು. ಮಗಳ ಜೀವದ ಮಾತು, ತಾನೇ ಕೂತ. ಆಸರೆ ಮರಗಳು ಒಂದೊಂದಾಗಿ ಬಿದ್ದವು. ತಲೆ ಎತ್ತಿ ನೋಡುತ್ತಲೇ ಅವಲಕ್ಕಿ ತಿಂದು ಮುಗಿಸಿದರೂ ತಾರಸಿ ಅಲುಗಲಿಲ್ಲ. ಇಂಜಿನಿಯರ್ ಊರಿಗೆ ಹೊರಟುಹೋದ.

ಗಿರಣಿಯ ಇಂಜಿನ್ ಶುರುವಾಯಿತು. ಬೆಲ್ಟು ತಿರುಗಿಸುವ ಕಬ್ಬಿಣದ ದಂಡವನ್ನು ಗೋಡೆಗೇ ಬಿಗಿದಿದ್ದರು. ಬೂತಪ್ಪ ದಿನಾ ಬಂದು, ಕತ್ತು ನೋಯುವಷ್ಟು ಹೊತ್ತು ತಾರಸಿಯಲ್ಲಿ ಬಿರುಕು ಹುಡುಕಿದ. ಮೂರನೆಯ ದಿನ ಕಲ್ಲಮ್ಮ ಮೊರ ಹಿಡಿದು ಕೂತಿದ್ದಳು. ಅವಳ ಹೆಗಲ ಮೇಲೆ ಕೆಂಪು ಪುಡಿ ಉದುರಿತು. ಅವನು ಮೇಲೆ ನೋಡಿದ. ತಾರಸಿ ನುಣ್ಣಗಿತ್ತು. ಕಿಟಕಿಯ ಪಕ್ಕ, ದಂಡ ಬಿಗಿದ ಗೋಡೆಯಲ್ಲಿ, ಅವನದೇ ಗಾರೆಯಲ್ಲಿ, ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು.

"ಇಂಜಿನ್ ನಿಲ್ಸಿ!" ಎಂದು ಕೂಗಿದ.

ಸೋಮಶೇಖರಪ್ಪ ಓಡಿ ಬಂದರು. "ಎಂತದು ಬೂತಪ್ಪ, ಆ ತಾರಸಿ ಭಾರಕ್ಕಾ?"

ಹೌದು ಎಂದರೆ ಸಾಕಿತ್ತು. ಇಂಜಿನಿಯರ್ ಊರಲ್ಲಿಲ್ಲ, ಬೂತಪ್ಪನ ಮಾತು ಇವರಿಗೆ ವೇದ. ತಿಂಗಳಿಂದ ಆಡಬೇಕೆಂದಿದ್ದ ಮಾತೂ ಅದೇ. ಅವನು ಬಿರುಕಿನೊಳಗೆ ಬೆರಳಿಟ್ಟ.

"ಅಲ್ಲ, ಗೋಡೆ ನಂದು. ಮನುಷ್ಯರು ಇರ್ಲಿಕ್ಕೆ ಕಟ್ಟಿದ್ದೆ. ಇಂಜಿನ್ ಹೀಗೆ ಅಲ್ಲಾಡಿಸ್ತದೆ ಅಂತ ಯೋಚ್ನೆನೇ ಮಾಡ್ಲಿಲ್ಲ."

ಮಗಳ ಕೈ ಹಿಡಿದು ಹೊರಗೆ ಕರೆತಂದ. ಅವನಿಗೆ ನಾಚಿಕೆಯಾಯಿತು. ಅವತ್ತು ಅವಲಕ್ಕಿ ತಿನ್ನುವಾಗ ಅವನು ಒಮ್ಮೆಯೂ ಗೋಡೆಯ ಕಡೆ ನೋಡಿರಲಿಲ್ಲ.